ಬರೇ ಮೂವತ್ಮೂರಾ?

ಫ್ಯಾನು ಐದರಲ್ಲೇ ಉಂಟು ಮಾರಾಯ್ರೆ. ರೆಗ್ಯುಲೇಟರಿನಲ್ಲಿ ಐದಾದ ಮೇಲೆ ಆರು ಇಲ್ಲ. ಕೆಲವು ಹಳೇ ಗುಂಡಿಗಳಲ್ಲಿ ಐದು ದಾಟಿದರೆ ಸಿಗುವುದು ಆಫ್. ಇಷ್ಟು ಹೇಳಿದರೂ ನಂಬದೆ ಎದ್ದುಹೋಗಿ, ಗುಂಡಿಯನ್ನು ಇನ್ನೂ ಸ್ವಲ್ಪ ತಿರುಗಿಸಿ, ಇದ್ದ ಗಾಳಿಯನ್ನೂ ನಿಲ್ಲಿಸಿ, "ಛೆ, ಕರೆಂಟು ಬೇರೆ ಹೋಯ್ತಲ್ಲ" ಎಂದು ಮನೆಯವರ ಮುಖ ನೋಡುವವರಿಗೆ ಏನು ಹೇಳುವುದು? ಮೇ ತಿಂಗಳಲ್ಲಿ ಮಂಗಳೂರಿನ ಯಾವ ಮನೆಗೆ ಹೋದರೂ ಘಟ್ಟದ ಮೇಲಿನಿಂದ ಬಂದ ಒಬ್ಬ ನೆಂಟರು ರೆಗ್ಯುಲೇಟರಿನ ಹತ್ತಿರ ನಿಂತೇ ಇರುತ್ತಾರೆ.

ಆಮೇಲಿನ ಪ್ರಶ್ನೆ: "ಇಲ್ಲಿ ಯಾವಾಗ್ಲೂ ಇಷ್ಟೇ ಸೆಕೆನಾ?" ಸೆಕೆಯನ್ನು ಮನೆಯವರೇ ಎಲ್ಲಿಂದಲೋ ಹಿಡಿದು ತಂದು ಜಗಲಿಯಲ್ಲಿ ಕಟ್ಟಿಹಾಕಿದ್ದಾರೆ ಎಂಬ ಧಾಟಿ. ಯಾವಾಗಲೂ ಇಷ್ಟಿಲ್ಲ. ಡಿಸೆಂಬರ್ ಕೊನೆಗೆ, ಜನವರಿಗೆ ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುವ ದಿನಗಳೂ ಉಂಟು. ಆಗ ಒಬ್ಬರೂ ಬರುವುದಿಲ್ಲ. ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್, ಮೇಯಲ್ಲಿ. ಮಳೆಗೆ ಮುಂಚಿನ ಆ ಎರಡು ತಿಂಗಳು ನಾವೇ ಊರು ಬಿಟ್ಟು ಹೋಗಲು ನೆಪ ಹುಡುಕುತ್ತಿರುತ್ತೇವೆ. ಸರಿಯಾಗಿ ಅದೇ ಹೊತ್ತಿಗೆ ಶಿರಾಡಿ ಘಾಟಿಯಲ್ಲಿ ಕಾರುಗಳು ಸಾಲುಗಟ್ಟಿ ಇಳಿಯುತ್ತವೆ.

ಬೆಂಗಳೂರಿನವರಾದರೆ ಅಡ್ಡಿಯಿಲ್ಲ. ಬಸ್ಸಿಳಿದ ಐದು ನಿಮಿಷಕ್ಕೆ ಸೋಲೊಪ್ಪಿಕೊಂಡು "ಎಸಿ ಇದ್ಯಾ?" ಎಂದು ಕೇಳಿಬಿಡುತ್ತಾರೆ. ಕಷ್ಟವೆಲ್ಲ ರಾಯಚೂರು, ಕಲಬುರಗಿ ಕಡೆಯ ಅತಿಥಿಯದ್ದು. ಅವರು ಬಿಸಿಲಲ್ಲೇ ಬೆಳೆದವರು, ಆ ಬಗ್ಗೆ ಅವರಿಗೆ ಅಭಿಮಾನವೂ ಉಂಟು. ಬೆಳಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ಹಾಕಿ ಕುರ್ಚಿಯಲ್ಲಿ ಕೂತು, ಫೋನಿನಲ್ಲಿ ಹವಾಮಾನ ತೆಗೆದು ನೋಡುತ್ತಾರೆ. ದಿನದ ಗರಿಷ್ಠ ಅಂಕಿ ಕಂಡು ನಗು ತಡೆಯಲಾಗುವುದಿಲ್ಲ.

"ಬರೇ ಮೂವತ್ಮೂರಾ? ಇದಕ್ಕ ನೀವು ಸೆಕಿ ಅಂತೀರೇನ್ರೀ? ನಮ್ಮ ಕಡಿ ಇವತ್ತ ನಲವತ್ತೊಂದು ಐತಿ. ಮೂವತ್ಮೂರಂದ್ರ ನಮಗ ಚಳಿಗಾಲ!"

ಮನೆಯವರು ಏನೂ ಹೇಳುವುದಿಲ್ಲ. ಒಂದು ಲೋಟ ಮಜ್ಜಿಗೆ ತಂದಿಟ್ಟು ಒಳಗೆ ಹೋಗುತ್ತಾರೆ.

ಒಂಬತ್ತೂಕಾಲಕ್ಕೆ ಕರವಸ್ತ್ರ ಹೊರಗೆ ಬರುತ್ತದೆ. "ಪ್ರಯಾಣದ ದಣಿವು." ಒಂಬತ್ತೂವರೆಗೆ ಮೇಲಿನ ಗುಂಡಿ ಬಿಚ್ಚುತ್ತದೆ. ಹತ್ತಕ್ಕೆ ಅಂಗಿ ಬೆನ್ನಿಗೂ, ಬೆನ್ನು ಕುರ್ಚಿಗೂ ಅಂಟುತ್ತವೆ. ಎದ್ದರೆ ಪ್ಲಾಸ್ಟಿಕ್ ಕುರ್ಚಿ ಜೊತೆಯಲ್ಲೇ ಒಂದು ಇಂಚು ಏಳುತ್ತದೆ. ಫೋನ್ ನೋಡಿದರೆ ಈಗ 31. ಇದು ಹೇಗೆ? ಪರದೆಯನ್ನು ಕೆಳಗೆಳೆದು ಬಿಡುತ್ತಾರೆ, ಮತ್ತೆ 31. ಒಳಗಿನ ಲೆಕ್ಕ ತೋರಿಸುತ್ತಿರಬಹುದೆಂದು ಫೋನನ್ನು ಕಿಟಕಿಯಿಂದ ಹೊರಗೆ ಚಾಚಿ ಹಿಡಿಯುತ್ತಾರೆ. ಬದಲಾಗುವುದಿಲ್ಲ. ಇನ್ನೊಂದು ಆ್ಯಪ್ ಇಳಿಸಿಕೊಂಡರೆ ಅದು 30 ಅನ್ನುತ್ತದೆ. ಇದು ಅವರಿಗೆ ವೈಯಕ್ತಿಕ ಅವಮಾನ. ಹನ್ನೊಂದಕ್ಕೆ ಪ್ಯಾಂಟು ಹೋಗಿ ಮನೆಯವರ ಲುಂಗಿ ಬಂದಿರುತ್ತದೆ, ಮೇಲೆ ಬನಿಯನ್ ಮಾತ್ರ. ಮಧ್ಯಾಹ್ನ ಆ್ಯಪ್ ಹೇಳಿದ ಮಾತು ಉಳಿಸಿಕೊಂಡು 33ಕ್ಕೆ ಬಂದಾಗ ಕಾವಿ ನೆಲದ ಮೇಲೆ ಅಂಗಾತ ಮಲಗಿ, ಸೂರು ನೋಡುತ್ತಾ, "ಇದರಾಗ ಏನೋ ಮೋಸ ಐತಿ" ಅನ್ನುತ್ತಾರೆ.

ಮೋಸ ಇಲ್ಲ. ಆ ಅಂಕಿ ಹೇಳುವುದು ಗಾಳಿ ಎಷ್ಟು ಬಿಸಿ ಎಂಬುದನ್ನು. ಗಾಳಿಯಲ್ಲಿ ನೀರೆಷ್ಟು ಎಂಬುದನ್ನು ಹೇಳುವುದಿಲ್ಲ. ಬೆವರು ಮೈ ತಂಪು ಮಾಡುವುದು ಹರಿದಾಗ ಅಲ್ಲವೇ ಅಲ್ಲ, ಆವಿಯಾದಾಗ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ಮೂಗಿನ ತುದಿಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲ, ಅದು ಬರೀ ನಷ್ಟ. ರಾಯಚೂರಿನ 41ರಲ್ಲಿ ಗಾಳಿಯ ತೇವಾಂಶ ಶೇ. 20 ಇದ್ದರೆ ಬೆವರು ಬಂದದ್ದೇ ಗೊತ್ತಾಗದಂತೆ ಆರುತ್ತದೆ, ಮೈಗೂ ಅಷ್ಟೇ ಅನ್ನಿಸುತ್ತದೆ. ಮಂಗಳೂರಿನ 33ಕ್ಕೆ ಶೇ. 70 ತೇವಾಂಶ ಸೇರಿದರೆ ಮೈಗೆ ಅನ್ನಿಸುವುದು ಸುಮಾರು 43. ಅದೇ ಫೋನಿನಲ್ಲಿ, ದೊಡ್ಡ ಅಂಕಿಯ ಕೆಳಗೆ ಸಣ್ಣಕ್ಷರದಲ್ಲಿ 'ಫೀಲ್ಸ್ ಲೈಕ್' ಎಂದು ಬರೆದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ.

ತೋರಿಸಿದಾಗ ಅತಿಥಿ ಮಲಗಿದ್ದವರು ಧಡಕ್ಕನೆ ಎದ್ದು ಕೂರುತ್ತಾರೆ. ಮುಖದಲ್ಲಿ ಅರ್ಧ ದಿನದ ನಂತರ ಮೊದಲ ಸಲ ಕಳೆ. ತಕ್ಷಣ ಊರಿಗೆ ಫೋನ್: "ಏ, ನಲವತ್ತೊಂದಕ್ಕ ಒದರ್ತೀಯಲ್ಲೋ, ಇಲ್ಲಿ ನಲವತ್ಮೂರು ಐತಿ! ಬಂದು ನೋಡು ಸೆಕಿ ಅಂದ್ರ ಏನಂತ!" ಈಗ ಸೆಕೆ ಅವರದ್ದೇ ಆಯಿತು. ಸಂಜೆಯವರೆಗೆ ಅದನ್ನು ಹೊಗಳುವವರು ಅವರೇ.

ನೆಂಟರ ಇನ್ನೊಂದು ತಪ್ಪು ಸಮಯದ್ದು. ಬೆಳಗ್ಗೆ ಆರಾಮವಾಗಿ ಎದ್ದು, ತಿಂಡಿ ಮುಗಿಸಿ, ಒಂಬತ್ತಕ್ಕೆ ಕದ್ರಿ ದೇವಸ್ಥಾನಕ್ಕೂ ಹಂಪನಕಟ್ಟೆಗೂ ಹೊರಡುತ್ತಾರೆ. ಈ ಒಂಬತ್ತರಿಂದ ಹನ್ನೊಂದು ಅಂದರೆ ಊರಿನಲ್ಲಿ ಎಲೆ ಅಲ್ಲಾಡದ ಹೊತ್ತು. ರಾತ್ರಿ ನೆಲದಿಂದ ಕಡಲಿಗೆ ಬೀಸುತ್ತಿದ್ದ ಗಾಳಿ ನಿಂತಿರುತ್ತದೆ, ಕಡಲಿನಿಂದ ಬರಬೇಕಾದದ್ದು ಇನ್ನೂ ಬಂದಿರುವುದಿಲ್ಲ. ನೆಲ ಚೆನ್ನಾಗಿ ಕಾದು, ಅದರ ಮೇಲಿನ ಗಾಳಿ ಮೇಲೇರಿದ ಮೇಲೆ ತಾನೇ ಕಡಲಗಾಳಿ ಒಳಗೆ ನುಗ್ಗುವುದು? ಅದಕ್ಕೆ ಹನ್ನೊಂದೂವರೆ, ಹನ್ನೆರಡಾಗುತ್ತದೆ. ಆ ಹೊತ್ತಿಗೆ ನೆಂಟರು ವಾಪಸು ಬಂದು, ಕಿಟಕಿ ಬಾಗಿಲು ಹಾಕಿ, ಮಲಗಿ ಆಗಿರುತ್ತದೆ. ಬೆಳಗ್ಗೆ ಆರಕ್ಕೆ ಹೊರಟು ಎಂಟೂವರೆಗೆ ಮನೆ ಸೇರಿ. ಆಮೇಲೆ ಪಶ್ಚಿಮದ ಕಿಟಕಿ ತೆರೆದು ಕೂತು, ನಾಲ್ಕೂವರೆಗೆ ಮತ್ತೆ ಹೊರಡಿ. ಸೂರ್ಯ ಮುಳುಗಿದ ಮೇಲೆ ಇನ್ನೊಮ್ಮೆ ಗಾಳಿ ನಿಲ್ಲುತ್ತದೆ, ಆಗ ದೂರು ಹೇಳಬೇಡಿ.

ಸ್ನಾನವೂ ಹಾಗೆಯೇ. ತಾರಸಿಯ ಮೇಲಿನ ಕಪ್ಪು ಟ್ಯಾಂಕಿನ ನೀರು ಮೂರು ಗಂಟೆಗೆ ಗೀಸರಿನ ನೀರಿಗೆ ಸಮ. "ತಣ್ಣೀರು ಸ್ನಾನ ಮಾಡ್ತೀನಿ" ಎಂದು ಆ ಹೊತ್ತಿಗೆ ಒಳಗೆ ಹೋದವರು ಕೂಗುವುದು ಹೊರಗೆ ಕೇಳಿಸುತ್ತದೆ. ಬೆಳಗ್ಗೆಯೇ ಎರಡು ಬಕೆಟ್ ತುಂಬಿಸಿ ಬಚ್ಚಲಿನಲ್ಲಿಟ್ಟರೆ ಮಧ್ಯಾಹ್ನಕ್ಕೆ ತಣ್ಣಗಿರುತ್ತದೆ. ಮೈ ಒರೆಸಿಕೊಂಡ ಟವೆಲನ್ನು ಮುದ್ದೆ ಮಾಡಿ ಮಂಚದ ಮೇಲೆ ಹಾಕಬಾರದು. ಒದ್ದೆ ಜೀನ್ಸ್ ಪ್ಯಾಂಟನ್ನು ಒಳಗೆ ಹಗ್ಗಕ್ಕೆ ಹಾಕಿ "ಬೆಳಗ್ಗೆಗೆ ಆರುತ್ತೆ" ಅನ್ನಬಾರದು. ಬಿಸ್ಕತ್ತಿನ ಪೊಟ್ಟಣ ತೆರೆದರೆ ಮುಗಿಸಿಬಿಡಬೇಕು. ಅರ್ಧ ತಾಸು ಬಿಟ್ಟು ಬಂದರೆ ಅದನ್ನು ಮಡಚಬಹುದು.

ಎಸಿ ಇರುವ ಮನೆಯಲ್ಲಿ ಬೇರೆ ತೊಂದರೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು ಹಾಕಿದ ಕೂಡಲೇ 24 ಡಿಗ್ರಿಯಲ್ಲಿ ಶುರುವಾಗಬೇಕೆಂಬ ನಿಯಮ ಬಂದಿದೆ. ನೆಂಟರ ಬೆರಳು ರಿಮೋಟಿನ ಮೇಲೆ ಎಂಟು ಸಲ ಒತ್ತಿ ಅದನ್ನು 16ಕ್ಕೆ ಇಳಿಸುತ್ತದೆ. 16ಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆ ಎಂಬುದು ಭ್ರಮೆ. ಮಾಮೂಲಿ ಎಸಿಯ ಕಂಪ್ರೆಸರ್ 24ಕ್ಕೂ 16ಕ್ಕೂ ಒಂದೇ ಜೋರಿನಲ್ಲಿ ಓಡುತ್ತದೆ, 16 ಆದರೆ ನಿಲ್ಲುವುದು ತಡ, ಅಷ್ಟೆ. ಎರಡು ಗಂಟೆ ರಾತ್ರಿಗೆ ಎದ್ದು "ಕಂಬಳಿ ಉಂಟಾ?" ಎಂದು ಕೇಳುತ್ತಾರೆ. ಮಂಗಳೂರಿನಲ್ಲಿ, ಮೇ ತಿಂಗಳಲ್ಲಿ, ಕಂಬಳಿ! ಬೆಳಗ್ಗೆ ಇನ್ನೊಂದು ದೂರು, ಎಸಿ ಸೋರುತ್ತಿದೆಯಂತೆ. ಅದು ಸೋರುವುದಲ್ಲ, ಕೋಣೆಯ ಗಾಳಿಯಿಂದ ಹಿಂಡಿ ತೆಗೆದ ನೀರು. ಪೈಪಿನ ಕೆಳಗೆ ಬಕೆಟ್ ಇಟ್ಟರೆ ರಾತ್ರಿ ಕಳೆಯುವಾಗ ಅರ್ಧಕ್ಕೆ ಬಂದಿರುತ್ತದೆ. ಕಿಟಕಿ ಸ್ವಲ್ಪ ತೆರೆದಿಟ್ಟಿದ್ದರೆ ಪೂರ್ತಿ. ಸೆಕೆಗೆ ನಿಜವಾಗಿ ಬೇಕಾದದ್ದು ರಿಮೋಟಿನಲ್ಲಿ ಹನಿಯ ಚಿತ್ರವಿರುವ ಡ್ರೈ ಮೋಡ್, ಜೊತೆಗೆ ಎರಡರಲ್ಲಿ ಫ್ಯಾನು. ಕನ್ನಡಕದವರು ತಂಪು ಕೋಣೆಯಿಂದ ಹೊರಗೆ ಬಂದ ಕೂಡಲೇ ಕುರುಡರಾಗುತ್ತಾರೆ, ತಣ್ಣಗಿನ ಗಾಜಿನ ಮೇಲೆ ಮಂಜು ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಗಾಜು ಬೆಚ್ಚಗಾಗುವವರೆಗೆ ಮೆಟ್ಟಿಲ ಹತ್ತಿರ ಸುಮ್ಮನೆ ನಿಂತುಕೊಳ್ಳುವುದು ಕ್ಷೇಮ.

ಇಷ್ಟೆಲ್ಲ ಗಲಾಟೆ ಹಂಚಿನ ಮನೆಯಲ್ಲಿ ಇರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ತೆರೆದದ್ದು ಇದೇ ಊರಿನಲ್ಲಿ, ಮಂಗಳೂರು ಹಂಚು ಕಡಲು ದಾಟಿಯೂ ಹೋಯಿತು. ಹಂಚನ್ನು ರೀಪಿನ ಮೇಲೆ ಬರೀ ಜೋಡಿಸಿಡುತ್ತಾರೆ, ಗಾರೆ ಇಲ್ಲ. ಮೇಲೇರಿದ ಬಿಸಿಗಾಳಿ ಸಂದಿಯಲ್ಲಿ ಹೊರಗೆ ಹೋಗುತ್ತದೆ. ತೆಳುವಾದ್ದರಿಂದ ಬಿಸಿಲು ಇಳಿದ ಸ್ವಲ್ಪ ಹೊತ್ತಿಗೆ ಹಂಚೂ ಆರುತ್ತದೆ. ಈಗಿನ ಕಾಂಕ್ರೀಟ್ ಸ್ಲ್ಯಾಬು ಹಗಲಿಡೀ ಕುಡಿದ ಶಾಖವನ್ನು ರಾತ್ರಿ ಒಂದರವರೆಗೆ ನಮ್ಮ ಮೇಲೆ ಸುರಿಯುತ್ತದೆ, ಮೇಲಂತಸ್ತಿನವರನ್ನು ಕೇಳಿ ನೋಡಿ. ಹಂಚಿನ ಮನೆಯ ಚಾವಡಿಯಲ್ಲಿ ಹತ್ತು ನೆಂಟರಿಗೆ ಸಾಲಾಗಿ ಚಾಪೆ ಹಾಸಿದರೂ ಯಾರೂ ಫ್ಯಾನು ಕೇಳುತ್ತಿರಲಿಲ್ಲ. ಅಡಿಕೆ ಹಾಳೆಯ ಬೀಸಣಿಗೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಾ, ಅರ್ಧ ರಾತ್ರಿಯವರೆಗೆ ಮಾತು ನಡೆಯುತ್ತಿತ್ತು. ಈಗ ಮೂರು ಕೋಣೆಗೆ ಮೂರು ಬಾಗಿಲು. ಎಸಿಯ ತಂಪು ಹೊರಗೆ ಹೋಗಬಾರದೆಂದು ಮೂರೂ ಮುಚ್ಚಿರುತ್ತವೆ.

ಕಡಲಿನ ವಿಷಯಕ್ಕೆ ಬಂದರೆ, ನೆಂಟರು ಅಲ್ಲಿಗೆ ನಡುಮಧ್ಯಾಹ್ನ ಹೋಗುತ್ತಾರೆ, ಚಪ್ಪಲಿ ಕಾರಿನಲ್ಲಿ ಬಿಟ್ಟು. ಹೋಗುವಾಗ ನಡೆಯುತ್ತಾರೆ, ಬರುವಾಗ ಕುಣಿಯುತ್ತಾರೆ. ಪಣಂಬೂರಿಗಾಗಲಿ ತಣ್ಣೀರುಬಾವಿಗಾಗಲಿ ಐದು ಗಂಟೆಯ ಮೇಲೆ ಹೋದರೆ ಸಾಕು. ತಣ್ಣೀರುಬಾವಿಗೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಗುರುಪುರ ಹೊಳೆ ದಾಟಿ ಹೋಗುವುದೇ ಚಂದ, ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲುಕೋಟೆಯನ್ನೂ ನೋಡಿದ ಹಾಗಾಯಿತು. ಮೇ ಕೊನೆಗೆ ಕಡಲು ಮುನಿಯುತ್ತದೆ. ಕೆಂಪು ಬಾವುಟ ಹಾಕಿದ್ದರೆ ನೀರಿಗಿಳಿಯಬಾರದು, ಸೋಮೇಶ್ವರದ ಬಂಡೆಗಳ ಮೇಲೆ ನಿಂತು ಸೆಲ್ಫಿ ತೆಗೆಯಲೇ ಬಾರದು. ಇಷ್ಟರಲ್ಲಿ ತಮಾಷೆ ಇಲ್ಲ.

ಊಟದಲ್ಲಿ ಅನಾಹುತ ಆಗುವುದು ಕೋರಿರೊಟ್ಟಿಯಲ್ಲಿ. ರೊಟ್ಟಿಯೆಂದರೆ ಕುಚ್ಚಲಕ್ಕಿಯ ಗರಿಗರಿ ಹಾಳೆ. ಅದನ್ನು ಚಪಾತಿಯಂತೆ ಹರಿಯಲು ಹೋದರೆ ಪಕ್ಕದ ಮೇಜಿನವರಿಗೂ ಚೂರು ತಲುಪುತ್ತದೆ. ತಟ್ಟೆಯಲ್ಲೇ ಅಂಗೈಯಿಂದ ಒತ್ತಿ ಮುರಿದು, ಎರಡು ತುತ್ತಿಗಾಗುವಷ್ಟಕ್ಕೆ ಮಾತ್ರ ಬಿಸಿ ಕೋಳಿ ಸಾರು ಹಾಕಿಕೊಂಡು, ಪೂರ್ತಿ ಮೆತ್ತಗಾಗುವ ಮುಂಚೆ ತಿನ್ನಬೇಕು. ನೆಂಟರು ಇದ್ದ ಸಾರನ್ನೆಲ್ಲ ಒಮ್ಮೆಗೇ ಸುರಿದು, ನಾಲ್ಕು ದಿಕ್ಕಿನಿಂದ ಫೋಟೊ ತೆಗೆಯುತ್ತಾರೆ. ಫೋಟೊ ಮುಗಿಯುವಾಗ ತಟ್ಟೆಯಲ್ಲಿರುವುದು ಕೋಳಿ ಹಾಕಿದ ಗಂಜಿ. ನಿಜವಾಗಿ ಈ ಸೆಕೆಗೆ ಗಂಜಿಯೇ ಸರಿ. ಬೆವರಿನಲ್ಲಿ ಹೋದ ನೀರೂ ಉಪ್ಪೂ ಎರಡೂ ವಾಪಸು ಸಿಗುತ್ತವೆ. ಮೇಲೊಂದು ಪುನರ್ಪುಳಿ ಶರಬತ್ತು. ಆದರೆ ನೆಂಟರಿಗೆ ಗಂಜಿ ಬಡಿಸುವ ಧೈರ್ಯ ಯಾರಿಗುಂಟು?

"ಮುಂದಿನ ಸಲ ಜೂನ್‌ನಲ್ಲಿ ಬರ್ತೀವಿ, ಮಳೆಗೆ ತಂಪಾಗಿರುತ್ತೆ, ತಾಜಾ ಅಂಜಲ್ ತಿನ್ನೋಣ" ಎಂದು ಹೊರಡುವಾಗ ಮಾತು ಕೊಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಸಿಗುವ ಅಂಜಲ್ ಹೆಚ್ಚಾಗಿ ಮಂಜುಗಡ್ಡೆಯಲ್ಲಿ ಮಲಗಿ ಬಂದದ್ದು. ಹೇಳಿದರೆ, ಬರಬೇಡಿ ಅಂದ ಹಾಗಾಗುತ್ತದೆ.

ಹೇಳಲೇಬೇಕಾದ್ದು ರೈಲಿನದ್ದು. ಮಂಗಳೂರಿಗೆ ಸೆಂಟ್ರಲ್ ಒಂದು, ಜಂಕ್ಷನ್ ಒಂದು. ಮುಂಬೈಗೂ ಕೇರಳಕ್ಕೂ ನಡುವೆ ಓಡುವ ಅನೇಕ ರೈಲುಗಳು ಜಂಕ್ಷನ್ ಮುಟ್ಟಿ ಹಾಗೇ ಹೋಗುತ್ತವೆ, ಸೆಂಟ್ರಲ್ ಕಡೆ ತಲೆ ಹಾಕುವುದಿಲ್ಲ. ಜಂಕ್ಷನ್ನಿಗೆ ಹಿಂದೆ ಕಂಕನಾಡಿ ಎಂದು ಹೆಸರಿತ್ತು, ಕಂಕನಾಡಿ ಪೇಟೆ ಇರುವುದು ಬೇರೆಯೇ ಕಡೆ. ಹಾಗಾಗಿ ತಪ್ಪಿ ಹೋಗಲು ಒಟ್ಟು ಮೂರು ಜಾಗಗಳು. ಟಿಕೆಟಿನಲ್ಲಿ ಎಂಎಕ್ಯೂ ಅಂದರೆ ಸೆಂಟ್ರಲ್, ಎಂಎಜೆಎನ್ ಅಂದರೆ ಜಂಕ್ಷನ್. ಇದನ್ನು ಮನೆಯಲ್ಲೇ ನೋಡಿ ಎಂದು ರಾತ್ರಿಯಿಂದ ಹೇಳಿದರೂ, ನೆಂಟರು ಟಿಕೆಟ್ ತೆರೆಯುವುದು ಆಟೊ ಸೆಂಟ್ರಲ್ ಎದುರು ನಿಂತು, ಆರು ಚೀಲ ಇಳಿಸಿ, ದುಡ್ಡು ಕೊಟ್ಟಾದ ಮೇಲೆ. ರೈಲಿಗೆ ಇಪ್ಪತ್ತೇ ನಿಮಿಷ, ಜಂಕ್ಷನ್ನಿನ ದಾರಿಯಲ್ಲಿ ವಾಹನಗಳ ಸಾಲು. ಆರು ಚೀಲವನ್ನೂ ಮತ್ತೆ ಏರಿಸುತ್ತಾ ಬೆವರಿಳಿಸುವ ಆಟೊದವರು ಒಂದೇ ಮಾತು ಕೇಳುತ್ತಾರೆ: "ನಿಮಗೆ ಬೇರೆ ತಿಂಗಳು ಸಿಗ್ಲಿಲ್ವಾ ಸಾರ್?"