ಕೋವಿ ಬೇರೆ, ಪಿಸ್ತೂಲು ಬೇರೆ

2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ. ಚುನಾವಣೆ ಮುಗಿಯುವವರೆಗೆ ಲೈಸೆನ್ಸಿನ ಕೋವಿಯನ್ನು ಠಾಣೆಯಲ್ಲಿಡಿ ಎಂದರು; ವಾರದೊಳಗೆ ಅಪ್ಪ ಕೇಪಿನ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಒಪ್ಪಿಸಿ ಬಂದರು. ಮತ ಎಣಿಕೆ ಜೂನ್ 4ಕ್ಕೆ. ಅಷ್ಟರೊಳಗೆ ಮಂಗಗಳು ಎಳೆ ಅಡಿಕೆ ಉದುರಿಸಿ, ಬಾಳೆಗೊನೆ ಸೀಳಿ, ತೋಟವನ್ನು ತಮ್ಮದೇ ಮಾಡಿಕೊಂಡಿದ್ದವು. ಗರ್ನಾಲು ಪಟಾಕಿಗೆ ಅವು ಹೆದರುವ ಕಾಲ ಹೋಯಿತು. ಕೋವಿ ಮರಳಿ ಬಂದಾಗ ನಳಿಕೆಗೆ ತುಕ್ಕು. ಅಪ್ಪ ಗಜಕ್ಕೆ, ಅಂದರೆ ಮದ್ದು ಜಡಿಯುವ ಸರಳಿಗೆ, ಬಟ್ಟೆ ಸುತ್ತಿ, ಕೊಬ್ಬರಿ ಎಣ್ಣೆ ಅದ್ದಿ, ಜಗಲಿಯಲ್ಲಿ ಕೂತು ಮಧ್ಯಾಹ್ನದವರೆಗೂ ಉಜ್ಜಿದರು. ಒಂದು ಮಾತೂ ಆಡಲಿಲ್ಲ.

ಜನರ ಬಳಿ ಎಂಥ ಬಂದೂಕು ಇರಬಹುದು ಎಂಬ ಮಾತು ಬಂದಾಗಲೆಲ್ಲ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ. ಮದ್ದು ಸುರಿದು, ಚರೆ ಹಾಕಿ, ಗಜದಿಂದ ಜಡಿದು, ಕೇಪು ಕೂರಿಸಿದರೆ ಒಂದು ಈಡು. ಎರಡನೆಯದಕ್ಕೆ ಮತ್ತೆ ಮೊದಲಿನಿಂದ. ಅಂಗಿಯೊಳಗೆ ಬಚ್ಚಿಡಲು ಬರುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಪಿಸ್ತೂಲಿಗೂ ಇದಕ್ಕೂ ಒಂದೇ ಅಳತೆಯೇ?

1959ರ ಶಸ್ತ್ರಾಸ್ತ್ರ ಕಾಯ್ದೆಗೆ ಈ ವ್ಯತ್ಯಾಸ ಗೊತ್ತಿದೆ. ಅದರ 13ನೇ ಸೆಕ್ಷನ್ ಬೆಳೆ ಕಾಯಲು ಕೇಪಿನ ಕೋವಿಯನ್ನು, ರಕ್ಷಣೆಗೆ 20 ಇಂಚಿಗಿಂತ ಗಿಡ್ಡವಲ್ಲದ ನಳಿಕೆಯ ಕೋವಿಯನ್ನು ಬೇರೆಯಾಗಿಯೇ ಹೆಸರಿಸುತ್ತದೆ. ಸ್ವಯಂಚಾಲಿತ ಬಂದೂಕು ಜನಸಾಮಾನ್ಯರಿಗೆ ನಿಷಿದ್ಧ; ಹಾಗೇ ಇರಲಿ. ಪಿಸ್ತೂಲು, ರಿವಾಲ್ವರ್ ಲೈಸೆನ್ಸನ್ನು ಇನ್ನೂ ಬಿಗಿ ಮಾಡಿ ಎನ್ನುವವನು ನಾನು. ಪ್ರತಿಷ್ಠೆಗೆಂದು ಇಟ್ಟುಕೊಳ್ಳುವವರೇ ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವುದು. 2019ರ ತಿದ್ದುಪಡಿ ಅದಕ್ಕೆ 2 ವರ್ಷದವರೆಗೆ ಜೈಲು ಇಟ್ಟದ್ದು ಸರಿಯಾಗಿಯೇ ಇದೆ.

ಕೊಡಗಿನ ಮಾತು ಬೇರೆ. ಅಲ್ಲಿ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಅಂಥ ವಿನಾಯಿತಿಯನ್ನು ನಾವು ಕೇಳುತ್ತಿಲ್ಲ.

ಹಂದಿಯೆಂದು ಮನುಷ್ಯನಿಗೇ ಈಡು ಬಿದ್ದ ಸುದ್ದಿ ಮಲೆನಾಡಿಗೆ ಹೊಸದಲ್ಲ, ಗೊತ್ತು. ರಾತ್ರಿ ಶಿಕಾರಿಗೆ ಹೋಗಿ ಸಿಕ್ಕಿಬಿದ್ದವನ ಲೈಸೆನ್ಸ್ ಕಿತ್ತುಕೊಳ್ಳಿ, ತಕರಾರಿಲ್ಲ. ಆದರೆ ಒಂದೂ ಕೇಸಿಲ್ಲದ ರೈತನ ಕೋವಿಯನ್ನು ಫಸಲು ಮರದಲ್ಲಿರುವಾಗ ಒಯ್ಯಬೇಡಿ.

ಅಪ್ಪ ಈಗಿಲ್ಲ. ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಲು ಕೊಟ್ಟ ಅರ್ಜಿ ಕಚೇರಿಯಲ್ಲಿದೆ. ಕೋವಿ ಠಾಣೆಯಲ್ಲಿದೆ. ಈ ಮಳೆಗಾಲದಲ್ಲಿ ಅದಕ್ಕೆ ಎಣ್ಣೆ ಹಚ್ಚುವವರಿಲ್ಲ.