ಹೆಸರಿಗೊಂದು ದಿಕ್ಕು

ಸೆಪ್ಟೆಂಬರ್ ಮುಗಿಯುತ್ತ ಬಂತೆಂದರೆ ಬಾಲ್ಕನ್ನಿನ ಪುಟ್ಟ ದೇಶವೊಂದರ ರಾಜಧಾನಿ ಸ್ಕೋಪ್ಯೆಯ ಅಂಗಳಗಳಲ್ಲೆಲ್ಲ ಕೆಂಪು ಮೆಣಸಿನಕಾಯಿ ಸುಡುವ ಹೊಗೆ. ಚಳಿಗಾಲಕ್ಕೆ ಆಯ್ವರ್ ಮಾಡಿಟ್ಟುಕೊಳ್ಳುವ ಕಾಲವದು. ಸುಟ್ಟು, ಸಿಪ್ಪೆ ಸುಲಿದು, ಅರೆದು, ಎಣ್ಣೆ ಹಾಕಿ ಗಂಟೆಗಟ್ಟಲೆ ಕೈಯಾಡಿಸುತ್ತಾರೆ. ಖಾರವೇ ಇಲ್ಲದ ದಪ್ಪ ಮೆಣಸಿನಕಾಯಿ ಅದು. ಆದರೂ ಆ ಹೊಗೆ ಮೂಗಿಗೆ ತಗುಲಿದರೆ ಸಾಕು, ಅವ್ವ ರಂಜಕ ಅರೆಯುತ್ತಿದ್ದ ದಿನಗಳು ಎದುರಿಗೆ ಬಂದು ನಿಲ್ಲುತ್ತವೆ.

2024ರ ಅಕ್ಟೋಬರ್ ತಿಂಗಳ ಅಂಥದೊಂದು ಸಂಜೆ ಕೆಳಮನೆಯ ಅಜ್ಜಿಯ ಪಕ್ಕದಲ್ಲಿ ಕುಳಿತು ಸಿಪ್ಪೆ ಸುಲಿಯುತ್ತಿದ್ದೆ. ಒಳಗೆ ಟಿ.ವಿ.ಯಲ್ಲಿ ಸುದ್ದಿ ಬರುತ್ತಿತ್ತು. ಐರೋಪ್ಯ ಒಕ್ಕೂಟ ಸೇರುವ ಮಾತುಕತೆಯಲ್ಲಿ ಅಲ್ಬೇನಿಯಾ ಅಧ್ಯಾಯಗಳ ಮೊದಲ ಗುಚ್ಛವನ್ನು ತೆರೆದಿತ್ತು. ಅದರ ಜೊತೆಯಲ್ಲೇ ಸಾಲಿನಲ್ಲಿ ನಿಂತಿದ್ದ ಈ ದೇಶ ಹಿಂದೆ ಉಳಿದಿತ್ತು. ಅಜ್ಜಿಯ ಮುಖ ನೋಡಲಾಗದೆ ಸಮಾಧಾನದ ಒಂದು ಮಾತು ಹೇಳಿದೆ: "ಮುಂದಿನ ಸರದಿ ಉತ್ತರ ಮ್ಯಾಸಿಡೋನಿಯಾದ್ದು, ನೋಡುತ್ತಿರಿ."

ಅಜ್ಜಿಯ ಕೈ ನಿಂತಿತು. "ನನ್ನ ದೇಶಕ್ಕೆ ದಿಕ್ಕು ಬೇಡ ಮಗನೇ. ಅದು ಮ್ಯಾಸಿಡೋನಿಯಾ."

ಇಷ್ಟೇ ಹೇಳಿ ಮತ್ತೆ ಸುಲಿಯತೊಡಗಿದರು. ನಾನು ಪಾಸ್‌ಪೋರ್ಟಿನಲ್ಲಿರುವ, ವಿಶ್ವಸಂಸ್ಥೆ ಒಪ್ಪಿರುವ ಹೆಸರನ್ನೇ ಹೇಳಿದ್ದೆ. ತಪ್ಪೇನೂ ಇರಲಿಲ್ಲ. ಆದರೂ ಒಬ್ಬರ ಮನೆಯಲ್ಲಿ ಕುಳಿತು ಅವರು ಇಟ್ಟುಕೊಳ್ಳದ ಹೆಸರಿನಿಂದ ಅವರನ್ನು ಕರೆದ ಹಾಗಾಯಿತು. ದಿಕ್ಕು ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆಯಲ್ಲ, ಅದು ಆ ರಾತ್ರಿಯೆಲ್ಲ ಕಾಡಿತು. ದಿಕ್ಕಾಗುತ್ತೇವೆ ಎಂದು ನಂಬಿಸಿ, ಹೆಸರಿಗೊಂದು ದಿಕ್ಕನ್ನು ಅಂಟಿಸಿ, ಹೊಸ್ತಿಲ ಹೊರಗೇ ನಿಲ್ಲಿಸಿದ್ದಾರೆ ಈ ಜನರನ್ನು.

ನಾನು ಬೀದರ್ ಜಿಲ್ಲೆಯವನು. 2019ರ ಫೆಬ್ರುವರಿಯಲ್ಲಿ ಈ ದೇಶದ ಹೆಸರು ಬದಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಮ್ಮ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಅದಕ್ಕಾಗಿ ನಮ್ಮನ್ನು ಯಾರೂ ಒತ್ತಾಯಿಸಿರಲಿಲ್ಲ. ಶರಣರು ನಡೆದಾಡಿದ ಕಲ್ಯಾಣ ನಮ್ಮ ಹೆಸರಾಯಿತೆಂದು ಅವ್ವ ಫೋನಿನಲ್ಲಿ ಹಿಗ್ಗಿದ್ದಳು. ಮಾತಿನ ಓಘದಲ್ಲಿ ಈಗಲೂ ಹಳೆಯ ಹೆಸರೇ ಅವಳ ಬಾಯಿಗೆ ಬರುತ್ತದೆ, ಅದಕ್ಕೆ ಯಾರೂ ಮುಖ ಗಂಟಿಕ್ಕುವುದಿಲ್ಲ. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದದ್ದೂ ಹಬ್ಬದ ಹಾಗೆಯೇ. ಇಲ್ಲಿ ಹೆಸರು ಬದಲಾದದ್ದು ನೆರೆಯವನ ಹಟಕ್ಕೆ.

ಆ ಹಟದ ಕತೆ ಉದ್ದವಾದದ್ದು. 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾದ ದಿನದಿಂದಲೂ ಗ್ರೀಸ್‌ನ ತಕರಾರು ಒಂದೇ: ಮ್ಯಾಸಿಡೋನಿಯಾ ಎಂಬುದು ನಮ್ಮ ಪ್ರಾಂತ್ಯದ ಹೆಸರು, ನಮ್ಮ ಅಲೆಕ್ಸಾಂಡರ್‌ನ ಹೆಸರು, ಅದನ್ನು ನೀವು ಇಟ್ಟುಕೊಳ್ಳಬಾರದು. 1993ರಲ್ಲಿ ವಿಶ್ವಸಂಸ್ಥೆಗೆ ಸೇರಿದಾಗ "ಹಿಂದಿನ ಯುಗೊಸ್ಲಾವ್ ಗಣರಾಜ್ಯ ಮ್ಯಾಸಿಡೋನಿಯಾ" ಎಂಬ ತಾತ್ಕಾಲಿಕ ಹೆಸರು ಹೊತ್ತುಕೊಂಡೇ ಒಳಗೆ ಹೋಗಬೇಕಾಯಿತು. ಮರುವರ್ಷ ಗ್ರೀಸ್ ವ್ಯಾಪಾರದ ದಾರಿಯನ್ನೇ ಮುಚ್ಚಿತು. 2001ರಲ್ಲಿ ಐರೋಪ್ಯ ಒಕ್ಕೂಟದ ಜೊತೆ ಸ್ಥಿರತೆ ಮತ್ತು ಸಹಯೋಗದ ಒಪ್ಪಂದಕ್ಕೆ ಸಹಿ ಹಾಕಿದ್ದು ಈ ಭಾಗದಲ್ಲಿ ಇವರೇ ಮೊದಲು. 2004ರಲ್ಲಿ ಅರ್ಜಿ, 2005ರ ಡಿಸೆಂಬರ್‌ನಲ್ಲಿ ಅಭ್ಯರ್ಥಿ ರಾಷ್ಟ್ರದ ಸ್ಥಾನ. ಮಾತುಕತೆ ಶುರುಮಾಡಿ ಎಂದು ಐರೋಪ್ಯ ಆಯೋಗ 2009ರಲ್ಲಿಯೇ ಶಿಫಾರಸು ಮಾಡಿತು. ಗ್ರೀಸ್ ಬಿಡಲಿಲ್ಲ. ಇವರಿಗಿಂತ ಒಂದೇ ವರ್ಷ ಮೊದಲು, 2003ರಲ್ಲಿ ಅರ್ಜಿ ಹಾಕಿದ್ದ ಕ್ರೊಯೇಷಿಯಾ 2013ರ ಜುಲೈ 1ರಂದು ಸದಸ್ಯನಾಗಿ ಒಳಗೆ ಕುಳಿತಿತು. ಒಂದೇ ದೇಶವಾಗಿದ್ದವರಲ್ಲಿ ಒಬ್ಬರು ಒಳಗೆ, ಒಬ್ಬರು ಹೊರಗೆ.

2018ರ ಜೂನ್‌ನಲ್ಲಿ ಪ್ರೆಸ್ಪಾ ಸರೋವರದ ದಡದಲ್ಲಿ ಪ್ರಧಾನಿಗಳ ಎದುರಿನಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರು ರಾಜಿಗೆ ಸಹಿ ಹಾಕಿದರು. ಸೆಪ್ಟೆಂಬರ್‌ನಲ್ಲಿ ಜನಮತಗಣನೆ ನಡೆಯಿತು. ಹೆಸರು ಬದಲಿಸಲು ಒಪ್ಪುತ್ತೀರಾ ಎಂದು ನೇರವಾಗಿ ಕೇಳಲಿಲ್ಲ. ಒಪ್ಪಂದವನ್ನು ಸ್ವೀಕರಿಸಿ ಐರೋಪ್ಯ ಒಕ್ಕೂಟ ಮತ್ತು ನ್ಯಾಟೊ ಸದಸ್ಯರಾಗಲು ಬಯಸುತ್ತೀರಾ ಎಂದು ಕೇಳಿದರು. ಮತ ಹಾಕಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಹೌದು ಎಂದರು, ಆದರೆ ಮತಗಟ್ಟೆಗೆ ಬಂದವರು ನೂರಕ್ಕೆ ಸುಮಾರು 37 ಜನ ಮಾತ್ರ. ಅಜ್ಜಿ ಹೋಗಲಿಲ್ಲ. ಅವರ ಮಗ ಹೋಗಿ ಹೌದು ಎಂದು ಹಾಕಿ ಬಂದ. ಮಕ್ಕಳ ಮುಂದಿನ ದಾರಿ ನೋಡಬೇಡವೇ ಎಂದನಂತೆ. ಹಳೆಯ ಹೆಸರಿನ ಪಾಸ್‌ಪೋರ್ಟ್‌ಗಳು 2024ರ ಫೆಬ್ರುವರಿಯಲ್ಲಿ ಅಮಾನ್ಯವಾದವು. ಊರಿಗೆ ಊರೇ ಸಾಲಿನಲ್ಲಿ ನಿಂತು ಹೊಸ ಹೆಸರಿನ ಪಾಸ್‌ಪೋರ್ಟ್ ಪಡೆಯಿತು.

ಇಷ್ಟೆಲ್ಲ ಮಾಡಿದ ಮೇಲೆ ಬಾಗಿಲು ತೆರೆಯಬೇಕಿತ್ತಲ್ಲವೇ? ನ್ಯಾಟೊ 2020ರ ಮಾರ್ಚ್‌ನಲ್ಲಿ ತೆರೆಯಿತು. ಒಕ್ಕೂಟದ ಬಾಗಿಲಿನ ಮುಂದೆ 2019ರ ಅಕ್ಟೋಬರ್‌ನಲ್ಲಿ ಫ್ರಾನ್ಸ್ ಅಡ್ಡ ನಿಂತಿತು, ಸೇರಿಸಿಕೊಳ್ಳುವ ಕ್ರಮವನ್ನೇ ಮೊದಲು ಬದಲಿಸಬೇಕು ಎಂದಿತು. ಅದನ್ನು ಬದಲಿಸಿದ ಮೇಲೆ 2020ರ ನವೆಂಬರ್‌ನಲ್ಲಿ ಬಲ್ಗೇರಿಯಾ ಅಡ್ಡ ಬಂತು. ನಿಮ್ಮ ಭಾಷೆ ಬೇರೆ ಭಾಷೆಯಲ್ಲ, ಬಲ್ಗೇರಿಯನ್ ಭಾಷೆಯದೇ ಒಂದು ರೂಪ, ನಿಮ್ಮ ಚರಿತ್ರೆಯೂ ನಮ್ಮದೇ ಎಂಬುದು ಅದರ ವಾದ. ಗೊತ್ಸೆ ದೆಲ್ಚೆವ್ ಎಂಬ ಕ್ರಾಂತಿಕಾರಿ ಈಗಿನ ಗ್ರೀಸ್‌ಗೆ ಸೇರಿದ ಊರಿನಲ್ಲಿ ಹುಟ್ಟಿದವನು, 1903ರಲ್ಲಿ ಮಡಿದವನು. ಅವನ ಅಸ್ಥಿ 1946ರಲ್ಲಿ ಬಲ್ಗೇರಿಯಾದ ರಾಜಧಾನಿ ಸೋಫಿಯಾದಿಂದ ಸ್ಕೋಪ್ಯೆಗೆ ಬಂತು, ಇಲ್ಲಿನ ಸ್ವೆತಿ ಸ್ಪಾಸ್ ಚರ್ಚಿನ ಅಂಗಳದಲ್ಲಿದೆ. ಅವನು ಯಾರವನು ಎಂದು ತೀರ್ಮಾನಿಸಲು ಎರಡೂ ದೇಶಗಳ ಇತಿಹಾಸಕಾರರ ಜಂಟಿ ಆಯೋಗವಿದೆ. ಒಂದು ದೇಶದ ಮಕ್ಕಳ ಭವಿಷ್ಯ, ನೂರು ವರ್ಷದ ಹಿಂದೆ ತೀರಿಕೊಂಡವನ ಜನ್ಮಪತ್ರಿಕೆಗೆ ಗಂಟು ಬಿದ್ದಿದೆ.

ಹೀಗಾಗಲು ಕಾರಣ ಒಕ್ಕೂಟದ ನಿಯಮವೇ. ಸೇರುವ ದೇಶ ಒಪ್ಪಿ ಜಾರಿಮಾಡಬೇಕಾದ ಕಾನೂನುಗಳ 35 ಅಧ್ಯಾಯಗಳಲ್ಲಿ 33ನ್ನು ಆರು ಗುಚ್ಛಗಳಾಗಿ ಕಟ್ಟಿದ್ದಾರೆ. ನ್ಯಾಯಾಂಗ, ಮೂಲಭೂತ ಹಕ್ಕು, ಸರ್ಕಾರಿ ಖರೀದಿ ಮೊದಲಾದವು ಸೇರಿದ ಗುಚ್ಛವನ್ನು ಎಲ್ಲಕ್ಕಿಂತ ಮೊದಲು ತೆರೆದು ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕು. ಅಷ್ಟಕ್ಕೆ ನನ್ನ ತಕರಾರಿಲ್ಲ. ಆದರೆ ಪ್ರತಿ ತೆರೆಯುವಿಕೆಗೂ ಪ್ರತಿ ಮುಚ್ಚುವಿಕೆಗೂ 27 ಸದಸ್ಯರೂ ಒಪ್ಪಬೇಕು. 27 ಬೀಗದ ಕೈ, 27 ಜನರ ಸೊಂಟದಲ್ಲಿ. ಒಬ್ಬನಿಗೆ ಮನಸ್ಸು ಬಾರದಿದ್ದರೆ ಮುಗಿಯಿತು.

ಇದನ್ನು ನೆನೆದಾಗಲೆಲ್ಲ ನನಗೆ 1956 ನೆನಪಾಗುತ್ತದೆ. ದೇಶಗಳ ಒಕ್ಕೂಟಕ್ಕೂ ಒಂದೇ ದೇಶದೊಳಗಿನ ರಾಜ್ಯಕ್ಕೂ ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಗೊತ್ತು. ಆದರೂ ಹೊರಗಿದ್ದವರು ಒಳಗೆ ಬರುವ ಸಂಕಟ ಒಂದೇ. ಹಳೆಯ ಮೈಸೂರಿನಲ್ಲಿ ಏಕೀಕರಣ ಬೇಡವೆಂದವರು ಕಡಿಮೆಯೇನಿರಲಿಲ್ಲ. ಒಣಭೂಮಿಯ ಬಡ ಜಿಲ್ಲೆಗಳನ್ನು ಕಟ್ಟಿಕೊಂಡರೆ ನಮ್ಮ ಪಾಲು ಕರಗುತ್ತದೆ ಎಂಬ ಅಂಜಿಕೆ ಅವರದು. ಮೈಸೂರಿನ ಕೈಯಲ್ಲಿ ವೀಟೊ ಇದ್ದಿದ್ದರೆ ಬೀದರ್, ಗುಲಬರ್ಗಾ, ರಾಯಚೂರು ಇನ್ನೂ ಎಷ್ಟು ವರ್ಷ ಕಾಯಬೇಕಿತ್ತೋ. ಸಂವಿಧಾನದ 3ನೇ ವಿಧಿ ರಾಜ್ಯಗಳ ಅಭಿಪ್ರಾಯ ಕೇಳಿತು, ಒಪ್ಪಿಗೆಯನ್ನು ಕಾಯಲಿಲ್ಲ. ನಿಜಾಮರ ಶಾಲೆಯಲ್ಲಿ ಉರ್ದು ಓದಿ ಉರ್ದುವಿನಲ್ಲೇ ಲೆಕ್ಕ ಬರೆಯುತ್ತಿದ್ದ ನಮ್ಮ ಅಜ್ಜನನ್ನು, ನಿನ್ನ ಕನ್ನಡ ನಿಜವಾದ ಕನ್ನಡವೇ ಎಂದು ಯಾರೂ ಕೇಳಲಿಲ್ಲ. ನವೆಂಬರ್ 1ರ ಬೆಳಿಗ್ಗೆ ಎದ್ದಾಗ ಅವನು ಒಳಗಿದ್ದ. ಮೊದಲು ಬಾ, ಕೈಕಾಲು ತೊಳೆದುಕೋ, ಕಷ್ಟಸುಖ ಆಮೇಲೆ ಮಾತಾಡೋಣ ಎನ್ನುವ ಮನೆ ನಮ್ಮದು. ಇಲ್ಲಿ ಇಪ್ಪತ್ತು ವರ್ಷದಿಂದ ಬಾಗಿಲಲ್ಲಿ ನಿಲ್ಲಿಸಿಯೇ ಕುಲಗೋತ್ರ ವಿಚಾರಿಸುತ್ತಿದ್ದಾರೆ.

2022ರ ಜೂನ್ ತಿಂಗಳಲ್ಲಿ ಫ್ರಾನ್ಸ್ ಒಂದು ಸೂತ್ರ ಮುಂದಿಟ್ಟಿತು. ಸಂವಿಧಾನದಲ್ಲಿ ಬಲ್ಗೇರಿಯನ್ನರನ್ನೂ ಹೆಸರಿಸಿ ತಿದ್ದುಪಡಿ ಮಾಡಿದರೆ ಮಾತುಕತೆ ಮುಂದುವರಿಯುತ್ತದೆ ಎಂದಿತು. 2021ರ ಜನಗಣತಿಯಲ್ಲಿ ಅಂಥವರ ಸಂಖ್ಯೆ ಸುಮಾರು 3,500. ಸಂಸತ್ತು 68 ಮತಗಳಿಂದ ಸೂತ್ರವನ್ನು ಒಪ್ಪಿತು. ಆದರೆ ತಿದ್ದುಪಡಿಗೆ 120ರಲ್ಲಿ 80 ಮತ ಬೇಕು, ಅದು ಕೂಡಿಬರಲಿಲ್ಲ. 2024ರ ಮೇ ತಿಂಗಳಲ್ಲಿ ಗೆದ್ದು ಬಂದ ಪಕ್ಷ ಇನ್ನೂ ಬಿಗಿಯಾಯಿತು. ಮೂರೂವರೆ ಸಾವಿರ ಜನರ ಹೆಸರು ಸೇರಿಸಲು ಇಷ್ಟು ಹಟವೇಕೆ ಎಂದು ಅಜ್ಜಿಯನ್ನು ಕೇಳಿದೆ. "ಹೆಸರು ಕೊಟ್ಟ ಮೇಲೆ ಭಾಷೆ ಕೇಳಿದರು. ಈಗ ಇದನ್ನು ಕೊಟ್ಟರೆ ನಾಳೆ ಏನು ಕೇಳುತ್ತಾರೋ ಯಾರಿಗೆ ಗೊತ್ತು" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸುವ ಆಸೆಯೂ ಇತ್ತು. ಆದರೆ 2025ರ ಮಾರ್ಚ್‌ನಲ್ಲಿ ಕೊಚಾನಿ ಎಂಬ ಸಣ್ಣ ಊರಿನ ನೈಟ್‌ಕ್ಲಬ್ಬಿಗೆ ಬೆಂಕಿ ಬಿತ್ತು. ಹಿಂದೆ ಜಮಖಾನೆಗಳ ಉಗ್ರಾಣವಾಗಿದ್ದ ಕಟ್ಟಡ ಅದು. ಸುಮಾರು 60 ಜನ ಸತ್ತರು, ಹೆಚ್ಚಿನವರು ಹುಡುಗ ಹುಡುಗಿಯರು. ಅದರ ಪರವಾನಗಿ ಅಕ್ರಮವಾಗಿ ಪಡೆದದ್ದೆಂದು ಸರ್ಕಾರವೇ ಹೇಳಿತು. ಮುಂದಿನ ದಿನಗಳಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಲಂಚಕ್ಕೆ ಪರವಾನಗಿ ಸಿಗುವುದು, ನ್ಯಾಯಾಲಯ ಪ್ರಭಾವಿಗಳ ಮಾತು ಕೇಳುವುದು, ಇವನ್ನೆಲ್ಲ ಐರೋಪ್ಯ ಆಯೋಗ ತನ್ನ ವಾರ್ಷಿಕ ವರದಿಗಳಲ್ಲಿ ವರ್ಷವರ್ಷವೂ ಬರೆಯುತ್ತಲೇ ಬಂದಿತ್ತು. ನಾನು ಕಾಗದದ ಕಾಟ ಎಂದುಕೊಂಡಿದ್ದ ಆ ಅಧ್ಯಾಯಗಳಲ್ಲಿ ಈ ಮಕ್ಕಳ ಜೀವವೂ ಇತ್ತು. ಅದನ್ನು ಮುಂದೂಡಿದವರು ಸೋಫಿಯಾದಲ್ಲೂ ಅಥೆನ್ಸ್‌ನಲ್ಲೂ ಇರಲಿಲ್ಲ. ಇನ್ನೊಂದನ್ನೂ ಹೇಳಬೇಕು, 1992ರಲ್ಲಿ ಈ ದೇಶದ ಸ್ವಾತಂತ್ರ್ಯವನ್ನು ಎಲ್ಲರಿಗಿಂತ ಮೊದಲು ಮಾನ್ಯ ಮಾಡಿದ್ದು ಬಲ್ಗೇರಿಯಾವೇ.

ನಮ್ಮ ಮನೆಯ ಕತೆಯೂ ಪೂರ್ತಿ ಸುಖದ್ದಲ್ಲ. ಮೊದಲು ಬಾ ಎಂದು ಕರೆದವರು, ಆಮೇಲೆ ಮಾತಾಡೋಣ ಎಂದದ್ದನ್ನು ಮರೆತರು. ಸೇರಿ 46 ವರ್ಷವಾದ ಮೇಲೆ, 2002ರಲ್ಲಿ ಬಂದ ನಂಜುಂಡಪ್ಪ ಸಮಿತಿಯ ವರದಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ವಿಭಾಗದವು. ನಮ್ಮ ಭಾಗಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371 ಜೆ ವಿಧಿ ಜಾರಿಗೆ ಬರಲು 2013 ಆಗಬೇಕಾಯಿತು. ಅದರ ಪ್ರಮಾಣಪತ್ರಕ್ಕಾಗಿ ನಮ್ಮಕ್ಕನ ಮಗ ಒಂದು ಕಚೇರಿಗೆ ನಾಲ್ಕು ಸಲ ಅಲೆದ. ನಮ್ಮ ನ್ಯಾಯಾಲಯ, ನಮ್ಮ ಶಾಲೆ, ನಮ್ಮ ರಸ್ತೆಗಳ ಬಗ್ಗೆ ಪ್ರತಿ ವರ್ಷ ಹೀಗೊಂದು ನಿಷ್ಠುರ ವರದಿ 1957ರಿಂದಲೇ ಬಂದಿದ್ದರೆ ಏನಾಗುತ್ತಿತ್ತೋ ಎಂದು ಈಚೆಗೆ ಅನ್ನಿಸತೊಡಗಿದೆ. ಹಾಗೆ ಅನ್ನಿಸಿದಾಗಲೂ, ಒಳಗೆ ಕರೆದುಕೊಂಡು ಬೈಯುವವರೇ ನನಗೆ ಹತ್ತಿರದವರು.

2025ರ ಮೇ ತಿಂಗಳಲ್ಲಿ ಅಜ್ಜಿಯ ಮೊಮ್ಮಗಳು ಜರ್ಮನಿಗೆ ಹೊರಟಳು. ಕೈಯಲ್ಲಿ ಬಲ್ಗೇರಿಯಾದ ಪಾಸ್‌ಪೋರ್ಟ್. ಹತ್ತಾರು ಸಾವಿರ ಜನ ಹೀಗೆ ಪಡೆದಿದ್ದಾರೆ, ತಾನು ಬಲ್ಗೇರಿಯನ್ ಮೂಲದವಳು ಎಂದು ಬರೆದು ಸಹಿ ಹಾಕಿ, ಅದಕ್ಕೆ ದಾಖಲೆ ಕೊಡಬೇಕು. ದೇಶ ಕಾಯುತ್ತಿರುವ ಬಾಗಿಲನ್ನು ಆ ಹುಡುಗಿ ಆ ಕಾಗದಗಳ ಬಲದಲ್ಲಿ ದಾಟಿದಳು. ಅಜ್ಜಿ ಅವಳಿಗೆ ಏನೂ ಹೇಳಲಿಲ್ಲ. ಅಕ್ಟೋಬರ್‌ನಲ್ಲಿ ನಾವು ಸುಲಿದಿದ್ದ ಮೆಣಸಿನಕಾಯಿಯ ಆಯ್ವರ್ ಎರಡು ಬಾಟಲಿ ಉಳಿದಿತ್ತು. ಎರಡನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೊಮ್ಮಗಳ ಚೀಲದಲ್ಲಿಟ್ಟು, ಚೀಲ ಭಾರವಾಗಿದೆ, ಬಸ್ ನಿಲ್ದಾಣದವರೆಗೆ ಹಿಡಿದುಕೊಂಡು ಬರುತ್ತೀಯಾ ಮಗನೇ ಎಂದು ನನ್ನನ್ನು ಕೇಳಿದರು.