ಕಾಲವೇ ಕೆಟ್ಟು ನಿಂತರೂ ಅರ್ಜಿ ‘ಮುಖಾಂತರ’ವೇ ಹೋಗಬೇಕು

ವೈಜ್ಞಾನಿಕ ಕಲ್ಪನೆಯ ಸಿನಿಮಾ ಎಂದೊಡನೆ ಗ್ರಾಫಿಕ್ಸ್ ಹೇಗಿದೆ ಎಂದು ಕೇಳುವುದು ನಮ್ಮಲ್ಲಿ ರೂಢಿ. 2022ರಲ್ಲಿ ತೆರೆಕಂಡ ಜಪಾನಿನ ‘ಮಂಡೇಸ್: ಸೀ ಯೂ ದಿಸ್ ವೀಕ್’ ಚಿತ್ರದ ಮುಂದೆ ಆ ಪ್ರಶ್ನೆಗೆ ಕೆಲಸವೇ ಇಲ್ಲ. ರಿಯೋ ತಾಕೆಬಯಾಶಿ ನಿರ್ದೇಶಿಸಿರುವ, 82 ನಿಮಿಷಗಳಲ್ಲಿ ಮುಗಿದುಹೋಗುವ ಈ ಚಿತ್ರದ ಆಸ್ತಿಯೆಂದರೆ ಒಂದು ಚಿಕ್ಕ ಜಾಹೀರಾತು ಕಚೇರಿ, ನಿದ್ದೆಗೆಟ್ಟ ಕೆಲವು ನೌಕರರು, ಒಂದು ಕಿಟಕಿ ಮತ್ತು ಆ ಕಿಟಕಿಯ ಗಾಜಿಗೆ ಬಂದು ಬಡಿಯುವ ಒಂದು ಪಾರಿವಾಳ.

ಕಥೆಯ ಎಳೆ ಸರಳವಾಗಿದೆ. ಕೆಲಸದ ಒತ್ತಡದಿಂದ ಕಚೇರಿಯಲ್ಲಿಯೇ ರಾತ್ರಿ ಕಳೆದವರು ಸೋಮವಾರ ಬೆಳಿಗ್ಗೆ ಕಣ್ಣು ತೆರೆಯುತ್ತಾರೆ, ವಾರವಿಡೀ ದುಡಿಯುತ್ತಾರೆ, ವಾರ ಮುಗಿಯುವಷ್ಟರಲ್ಲಿ ಕಾಲ ಹಿಂದಕ್ಕೆ ಹೊರಳಿ ಮತ್ತೆ ಅದೇ ಸೋಮವಾರಕ್ಕೆ ಬಂದು ಬೀಳುತ್ತಾರೆ. ಕಾಲದ ಸುಳಿಯ ಕಥೆಗಳು ಹೊಸತಲ್ಲ. 1993ರ ಹಾಲಿವುಡ್ ಚಿತ್ರ ‘ಗ್ರೌಂಡ್‌ಹಾಗ್ ಡೇ’ ಬಂದ ಮೇಲೆ ಈ ಬಗೆಯವು ಬೇಕಾದಷ್ಟು ಬಂದಿವೆ. ಆದರೆ ಅಂಥ ಕಥೆಗಳ ನಾಯಕ ಸುಳಿಯಲ್ಲಿ ಸಿಲುಕಿದ್ದೇನೆ ಎಂಬುದನ್ನು ತಡವಿಲ್ಲದೆ ಕಂಡುಕೊಳ್ಳುತ್ತಾನೆ. ಇಲ್ಲಿ ಹಾಗಲ್ಲ. ಕಳೆದ ವಾರಕ್ಕೂ ಈ ವಾರಕ್ಕೂ ವ್ಯತ್ಯಾಸವೇ ಇಲ್ಲದ ಬದುಕು ಇವರದಾದ್ದರಿಂದ, ವಾರ ಮರುಕಳಿಸುತ್ತಿದೆ ಎಂಬ ಸಂಗತಿಯೇ ಬಹುಮಂದಿಯ ಅರಿವಿಗೆ ಬರುವುದಿಲ್ಲ. ಗಾಜಿಗೆ ಪಾರಿವಾಳ ಬಡಿಯುವ ಆ ಒಂದು ಸದ್ದೇ ಅವರ ನೆನಪನ್ನು ಎಬ್ಬಿಸುವ ಗುರುತು. ಹಣವಿಲ್ಲದ ಚಿತ್ರತಂಡವೊಂದು ಕಾಲಯಂತ್ರಕ್ಕೆ ಬದಲಾಗಿ ಕಂಡುಕೊಂಡ ಈ ಉಪಾಯವನ್ನು ನಾನು ಬಹಳ ಮೆಚ್ಚಿದೆ.

ನನ್ನನ್ನು ನಿಜವಾಗಿ ನಗಿಸಿದ್ದು ಮಾತ್ರ ಬೇರೆ. ಚಿತ್ರದ ಜಪಾನಿ ಹೆಸರಿನಲ್ಲಿಯೇ ಅದರ ಸುಳಿವಿದೆ: ಮೇಲಧಿಕಾರಿಗೆ ಅರಿವಾಗುವ ತನಕ ಈ ಸುಳಿ ಮುಗಿಯದು ಎಂಬುದು ಅದರ ತಾತ್ಪರ್ಯ. ಸುಳಿಯನ್ನು ಮೊದಲು ಗುರುತಿಸುವವರು ಇಬ್ಬರು ಕಿರಿಯ ನೌಕರರು. ಅವರು ನೇರವಾಗಿ ಮುಖ್ಯಸ್ಥ ನಾಗಾಹಿಸಾ ಅವರ ಬಳಿಗೆ ಹೋಗಿ ‘ಸಾರ್, ಕಾಲ ಕೆಟ್ಟು ನಿಂತಿದೆ’ ಎನ್ನುವಂತಿಲ್ಲ. ಹೇಳಿದರೂ ಅವರ ಮಾತಿಗೆ ಬೆಲೆ ಬರುವುದಿಲ್ಲ. ಆದ್ದರಿಂದ ಮೊದಲು ಯೊಶಿಕಾವಾ ಎಂಬ ಹಿರಿಯ ಸಹೋದ್ಯೋಗಿಯನ್ನು ನಂಬಿಸಬೇಕು, ಆಕೆ ತನ್ನ ಮೇಲಿನವರನ್ನು ನಂಬಿಸಬೇಕು, ಅವರು ತಮ್ಮ ಮೇಲಿನವರನ್ನು. ನಮ್ಮ ಸರ್ಕಾರಿ ಅರ್ಜಿಗಳಲ್ಲಿ ‘ಇವರಿಗೆ’ ಎಂಬುದರ ಜೊತೆಗೆ ‘ಮುಖಾಂತರ’ ಎಂಬ ಇನ್ನೊಂದು ಸಾಲನ್ನು ಬರೆದು ಅಭ್ಯಾಸವಿರುವವರಿಗೆ ಈ ಹಾಸ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವದ ನಿಯಮವೇ ತಪ್ಪಿಹೋಗಿರುವಾಗಲೂ ಮೆಟ್ಟಿಲು ಬಿಟ್ಟು ಮೆಟ್ಟಿಲು ಹತ್ತಬಾರದು ಎಂಬ ನಿಯಮ ಮಾತ್ರ ತಪ್ಪುವುದಿಲ್ಲ. ನಾಗಾಹಿಸಾ ಪಾತ್ರದಲ್ಲಿ ಮಕಿತಾ ಸ್ಪೋರ್ಟ್ಸ್ (ಇದು ನಿಜವಾಗಿಯೂ ಆ ನಟನ ರಂಗನಾಮ) ಏನನ್ನೂ ಗಮನಿಸದ, ಹಾಗೆಂದು ಕೆಟ್ಟವರೂ ಅಲ್ಲದ ಸಾಹೇಬರನ್ನು ಎಷ್ಟು ಸಹಜವಾಗಿ ಅಭಿನಯಿಸಿದ್ದಾರೆಂದರೆ, ಇವರನ್ನು ಎಲ್ಲಿಯೋ ನೋಡಿದ್ದೇನಲ್ಲ ಎಂದು ನಿಮಗೂ ಅನ್ನಿಸಬಹುದು.

ಕಡಿಮೆ ಖರ್ಚು ಎಂಬುದು ತಾನಾಗಿಯೇ ಒಂದು ಗುಣವಲ್ಲ, ಇದನ್ನು ನಾನು ಒಪ್ಪುತ್ತೇನೆ. ಸುಮಾರು 7,000 ಡಾಲರ್‌ಗಳಲ್ಲಿ ತಯಾರಾದ 2004ರ ಅಮೆರಿಕದ ಚಿತ್ರ ‘ಪ್ರೈಮರ್’ ಕಾಲಪ್ರಯಾಣವನ್ನು ಎಷ್ಟು ಜಟಿಲವಾಗಿಸಿತೆಂದರೆ ನಾನು ಅದನ್ನು ಎರಡು ಸಲ ನೋಡಿಯೂ ಪೂರ್ತಿ ತಿಳಿದೆನೆಂದು ಪ್ರಮಾಣ ಮಾಡಲಾರೆ. ಕನ್ನಡದಲ್ಲಿಯೂ 2024ರ ‘ಬ್ಲಿಂಕ್’ ಕಾಲಪ್ರಯಾಣವನ್ನು ದೊಡ್ಡ ಆಡಂಬರವಿಲ್ಲದೆ ಕೈಗೆತ್ತಿಕೊಂಡಿತು. ಅವೆರಡೂ ಗಂಭೀರ ಚಿತ್ರಗಳು. ‘ಮಂಡೇಸ್’ ಚಿತ್ರಕ್ಕೆ ಬಡತನವು ಅನುಕೂಲವಾಗಿಯೇ ಒದಗಿದೆ: ಅದೇ ಕೋಣೆ, ಅದೇ ಬಟ್ಟೆ, ಅದೇ ದೂರವಾಣಿ ಕರೆಗಳು ಮತ್ತೆ ಮತ್ತೆ ಬಂದರೆ ಬೇರೆ ಚಿತ್ರದಲ್ಲಿ ಬೇಸರವಾಗುತ್ತಿತ್ತು, ಇಲ್ಲಿ ಅದೇ ಕಥೆ.

ಉತ್ತರಾರ್ಧದ ಬಗ್ಗೆ ನನಗೆ ತಕರಾರಿದೆ. ಸುಳಿಯ ಬೇರು ಮುಖ್ಯಸ್ಥರ ಯೌವನದಲ್ಲಿ, ಅವರು ಅರ್ಧಕ್ಕೆ ಬಿಟ್ಟ ಮಂಗಾ (ಜಪಾನಿ ಕಾಮಿಕ್ಸ್) ಕಥೆಯೊಂದರಲ್ಲಿ ಇದೆ ಎಂದು ತಿಳಿದ ಮೇಲೆ ಎಲ್ಲರೂ ಕೂಡಿ ಅದನ್ನು ಪೂರ್ಣಗೊಳಿಸಲು ನಿಲ್ಲುತ್ತಾರೆ. ದೃಶ್ಯಗಳು ಮನಸ್ಸನ್ನು ತಟ್ಟುತ್ತವೆ, ಇಲ್ಲವೆನ್ನಲಾರೆ. ಆದರೆ ದೊಡ್ಡ ಸಂಸ್ಥೆಗೆ ಸೇರಬೇಕೆಂದು ಸಿದ್ಧಳಾಗಿದ್ದ ಯೊಶಿಕಾವಾಳ ಆಸೆಯನ್ನು ಚಿತ್ರವು ಸ್ವಾರ್ಥದ ಪಕ್ಕಕ್ಕೆ ತಳ್ಳಿ, ಸಹೋದ್ಯೋಗಿಗಳ ಒಗ್ಗಟ್ಟನ್ನು ಮೇಲಕ್ಕೇರಿಸುವಾಗ ನನಗೆ ಸ್ವಲ್ಪ ಇರಿಸುಮುರಿಸಾಯಿತು. ರಾತ್ರಿಯೆಲ್ಲ ಕಚೇರಿಯ ನೆಲದಲ್ಲಿ ಮಲಗಿಸಿದ ವ್ಯವಸ್ಥೆಯನ್ನು ಮೊದಲರ್ಧದಲ್ಲಿ ಅಷ್ಟು ಹರಿತವಾಗಿ ಗೇಲಿ ಮಾಡಿದವರೇ, ಆ ವ್ಯವಸ್ಥೆಯ ಮುಖ್ಯಸ್ಥರ ಹಳೆಯ ಕನಸಿಗಾಗಿ ಅದೇ ನೌಕರರಿಂದ ಇನ್ನಷ್ಟು ರಾತ್ರಿಗಳ ದುಡಿಮೆಯನ್ನು ಪಡೆದು, ಅದಕ್ಕೆ ಪ್ರೀತಿಯೆಂದು ಹೆಸರಿಡುತ್ತಾರೆ. ಆ ಹೆಚ್ಚುವರಿ ಕೆಲಸಕ್ಕೂ ಯಾರೂ ಭತ್ಯೆ ಕೊಟ್ಟಂತೆ ಕಾಣಲಿಲ್ಲ.